ಅಡ್ರೆಸ್ ಬಾರಿನ ಸರ್ಚ್ ಶಾರ್ಟ್‌ಕಟ್ ಬಳಸಿದಾಗಲೆಲ್ಲ ಕ್ಯಾಪ್ಚಾ ಬರುತ್ತಿದೆ: ಕಾರಣವೇನು, ಪರಿಹಾರವೇನು?

ಪ್ರಶ್ನೆ: ಪದಶೋಧಕ

ನಮಸ್ಕಾರ. ನಿಘಂಟು, ವಿಶ್ವಕೋಶ, ತಾಂತ್ರಿಕ ದಾಖಲೆಗಳ ತಾಣ, ಹಳೆಯ ಪುಸ್ತಕಗಳ ಡಿಜಿಟಲ್ ಭಂಡಾರ ಎಂದು ಹತ್ತಾರು ಕಡೆ ಪದಗಳನ್ನು ಹುಡುಕಿ ತಾಳೆ ನೋಡುವುದು ನನ್ನ ದಿನನಿತ್ಯದ ಕೆಲಸ. ಪ್ರತಿಯೊಂದು ತಾಣದ ಮುಖಪುಟ ತೆರೆದು, ಹುಡುಕುವ ಪೆಟ್ಟಿಗೆ ಯಾವ ಮೂಲೆಯಲ್ಲಿದೆಯೆಂದು ನೋಡಿ, ಅಲ್ಲಿ ಪದ ಬರೆಯುತ್ತ ಕೂತರೆ ಕೆಲಸ ಸಾಗುವುದಿಲ್ಲ. ಆದ್ದರಿಂದ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಒಂದೊಂದು ತಾಣಕ್ಕೂ ಒಂದೊಂದು ಸರ್ಚ್ ಶಾರ್ಟ್‌ಕಟ್ ಮಾಡಿಟ್ಟುಕೊಂಡಿದ್ದೇನೆ. ಅಡ್ರೆಸ್ ಬಾರಿನಲ್ಲಿ ಎರಡಕ್ಷರದ ಗುರುತು ಬರೆದು, ಸ್ಪೇಸ್ ಕೊಟ್ಟು, ಬೇಕಾದ ಪದ ಬರೆದು ಎಂಟರ್ ಒತ್ತಿದರೆ ನೇರವಾಗಿ ಆ ತಾಣದ ಫಲಿತಾಂಶಗಳ ಪುಟವೇ ತೆರೆಯುತ್ತದೆ. ಕೆಲವು ತಾಣಗಳಿಗೆ ಡಕ್‌ಡಕ್‌ಗೋದ ಬ್ಯಾಂಗ್ ಬಳಸುತ್ತೇನೆ, ಅಂದರೆ ಆಶ್ಚರ್ಯಸೂಚಕ ಚಿಹ್ನೆಯ ಜೊತೆಗೆ ತಾಣದ ಗುರುತು. ಕೆಲವು ತಾಣಗಳಿಗೆ ಸಾಮಾನ್ಯ ಸರ್ಚ್ ಎಂಜಿನ್ನಿನಲ್ಲಿಯೇ ಹುಡುಕಾಟವನ್ನು ಒಂದೇ ತಾಣಕ್ಕೆ ಸೀಮಿತಗೊಳಿಸುವ ‘ಸೈಟ್’ ಎಂಬ ಆಪರೇಟರ್ ಸೇರಿಸಿ ಮಾಡಿದ ಶಾರ್ಟ್‌ಕಟ್ ಇದೆ.

ಇತ್ತೀಚೆಗೆ ಈ ಶಾರ್ಟ್‌ಕಟ್‌ಗಳಲ್ಲಿ ಹಲವು, ಎಂಟರ್ ಒತ್ತಿದ ಕೂಡಲೇ ಫಲಿತಾಂಶದ ಬದಲು, ಬಂದವರು ಮನುಷ್ಯರೋ ಯಂತ್ರವೋ ಎಂದು ಪರೀಕ್ಷಿಸುವ ಕ್ಯಾಪ್ಚಾ ಪುಟವನ್ನು ತೋರಿಸುತ್ತಿವೆ. ಒಂದು ಕಡೆ ಚೌಕದಲ್ಲಿ ಗುರುತು ಹಾಕಿದರೆ ಸಾಕಾಗುತ್ತದೆ. ಇನ್ನೊಂದು ಕಡೆ ಚಿತ್ರಗಳನ್ನು ಆರಿಸಬೇಕು. ಮತ್ತೊಂದು ಕಡೆ ಏನನ್ನೂ ಕೇಳದೆ ವೃತ್ತವೊಂದು ಸುತ್ತುತ್ತಲೇ ಇರುತ್ತದೆ. ಒಮ್ಮೆ ಬಿಡಿಸಿದರೆ ಮುಗಿಯಿತು ಎಂದಾದರೆ ದೂರು ಇರುತ್ತಿರಲಿಲ್ಲ. ಅದೇ ತಾಣದಲ್ಲಿ ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಪದ ಹುಡುಕಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಒಂದು ತಾಣವಂತೂ ಕ್ಯಾಪ್ಚಾ ಬಿಡಿಸಿದ ಮೇಲೆ ನನ್ನನ್ನು ಮುಖಪುಟಕ್ಕೆ ಕಳಿಸುತ್ತದೆ, ಹುಡುಕಿದ ಪದ ಎಲ್ಲಿಯೋ ಕಳೆದುಹೋಗಿರುತ್ತದೆ.

ನನಗೆ ಅರ್ಥವಾಗದ ಸಂಗತಿಯೆಂದರೆ, ಅದೇ ತಾಣದ ಮುಖಪುಟಕ್ಕೆ ಹೋಗಿ ಅಲ್ಲಿನ ಪೆಟ್ಟಿಗೆಯಲ್ಲಿ ಅದೇ ಪದ ಬರೆದರೆ ಬಹುತೇಕ ಸಲ ಯಾವ ತಕರಾರೂ ಇಲ್ಲದೆ ಫಲಿತಾಂಶ ಬರುತ್ತದೆ. ಹಾಗಾದರೆ ಶಾರ್ಟ್‌ಕಟ್ ಬಳಸುತ್ತಿದ್ದೇನೆಂದು ತಾಣಕ್ಕೆ ತಿಳಿಯುವುದು ಹೇಗೆ? ತೊಂದರೆ ಇರುವುದು ನನ್ನ ಬ್ರೌಸರಿನಲ್ಲೋ, ಇಂಟರ್ನೆಟ್ ಸಂಪರ್ಕದಲ್ಲೋ, ಆ ತಾಣಗಳಲ್ಲೋ? ಕ್ಯಾಪ್ಚಾವನ್ನು ತಾನಾಗಿ ಬಿಡಿಸುವ ಎಕ್ಸ್‌ಟೆನ್ಷನ್‌ಗಳನ್ನು ದಯವಿಟ್ಟು ಸೂಚಿಸಬೇಡಿ. ತೆರೆಯುವ ಪ್ರತಿಯೊಂದು ಪುಟವನ್ನೂ ಓದುವ ಅನುಮತಿಯನ್ನು ಅಪರಿಚಿತ ತಂತ್ರಾಂಶಕ್ಕೆ ಕೊಡಲು ನನಗೆ ಮನಸ್ಸಿಲ್ಲ. ಶಾರ್ಟ್‌ಕಟ್‌ಗಳನ್ನು ಉಳಿಸಿಕೊಂಡೇ ಈ ಕಿರಿಕಿರಿ ಕಡಿಮೆ ಮಾಡುವ ದಾರಿ ಇದ್ದರೆ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಜಾಲಪಥಿಕ

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಬೆರೆತುಕೊಂಡಿವೆ. ಮೊದಲು ಅವನ್ನು ಬಿಡಿಸಿಕೊಳ್ಳಬೇಕು. ಕ್ಯಾಪ್ಚಾ ಪುಟ ತೆರೆದಿರುವಾಗ ಅಡ್ರೆಸ್ ಬಾರಿನಲ್ಲಿ ಯಾರ ಡೊಮೇನ್ ಇದೆಯೆಂದು ನೋಡಿ. ಅಲ್ಲಿ ಸರ್ಚ್ ಎಂಜಿನ್ನಿನ ಹೆಸರಿದ್ದರೆ ನಿಮ್ಮನ್ನು ತಡೆದಿರುವುದು ಸರ್ಚ್ ಎಂಜಿನ್. ನೀವು ತಲುಪಬೇಕಾದ ತಾಣದ ಹೆಸರೇ ಇದ್ದರೆ ತಡೆದಿರುವುದು ಆ ತಾಣ, ಅಥವಾ ಅದರ ಮುಂದೆ ಕಾವಲಿಗೆ ಕೂತಿರುವ ಕ್ಲೌಡ್‌ಫ್ಲೇರ್‌ನಂಥ ಸೇವೆ. ಎರಡಕ್ಕೂ ಮದ್ದು ಬೇರೆ.

ಮೊದಲನೆಯದು ಸರಳ. ‘ಸೈಟ್’ ಆಪರೇಟರ್ ಸೇರಿಸಿದ ಶಾರ್ಟ್‌ಕಟ್‌ಗಳು ಸರ್ಚ್ ಎಂಜಿನ್ನುಗಳಿಗೆ ಅನುಮಾನ ಹುಟ್ಟಿಸುತ್ತವೆ. ಗೂಗಲ್ ಇಂಥ ಸಂದರ್ಭದಲ್ಲಿ ತೋರಿಸುವ ತಡೆಪುಟವೇ ಕಾರಣಗಳನ್ನು ಹೇಳುತ್ತದೆ: ರೋಬಾಟುಗಳು ಬಳಸುತ್ತವೆಂದು ತಿಳಿದಿರುವ ಸುಧಾರಿತ ಹುಡುಕುಪದಗಳನ್ನು ಬಳಸಿದರೆ, ಅಥವಾ ಕೋರಿಕೆಗಳನ್ನು ಬಹಳ ಬೇಗ ಬೇಗ ಕಳಿಸಿದರೆ ಕ್ಯಾಪ್ಚಾ ಕೇಳಬಹುದು, ಒಂದೇ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಹಂಚಿಕೊಂಡಿರುವ ಬೇರೆ ಕಂಪ್ಯೂಟರ್ ಕೂಡ ಕಾರಣವಾಗಿರಬಹುದು. ಒಂದಾದ ಮೇಲೊಂದು ಪದವನ್ನು ಒಂದೇ ಡೊಮೇನಿಗೆ ಸೀಮಿತಗೊಳಿಸಿ ಹುಡುಕುವುದು ತಾಣದ ಪುಟಗಳನ್ನೆಲ್ಲ ಬಾಚಿಕೊಳ್ಳುವ ಸ್ಕ್ರೇಪರ್ ತಂತ್ರಾಂಶದ ನಡವಳಿಕೆಯೂ ಹೌದು, ನಿಮ್ಮಂಥ ಶ್ರದ್ಧಾವಂತ ಓದುಗರ ನಡವಳಿಕೆಯೂ ಹೌದು. ಆ ತಾಣಕ್ಕೆ ಸ್ವಂತ ಹುಡುಕಾಟದ ಪುಟ ಇದ್ದರೆ, ಅದು ತುಸು ಒರಟಾಗಿದ್ದರೂ, ಶಾರ್ಟ್‌ಕಟ್ಟನ್ನು ನೇರವಾಗಿ ಅದಕ್ಕೇ ತಿರುಗಿಸುವುದು ಒಳ್ಳೆಯದು.

ಎರಡನೆಯದೇ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಎಂದು ತೋರುತ್ತದೆ. ನೀವು ಶಾರ್ಟ್‌ಕಟ್ ಬಳಸಿದಿರೆಂಬುದು ತಾಣಕ್ಕೆ ತಿಳಿಯುವುದೇ ಇಲ್ಲ. ಬ್ರೌಸರ್ ಮಾಡುವುದಿಷ್ಟೆ: ನೀವು ಉಳಿಸಿಟ್ಟ ವಿಳಾಸದ ಮಾದರಿಯಲ್ಲಿ ಶೇಕಡಾ ಚಿಹ್ನೆ ಮತ್ತು ಎಸ್ ಅಕ್ಷರ ಇರುವ ಜಾಗದಲ್ಲಿ ನಿಮ್ಮ ಪದವನ್ನು ತುಂಬಿ, ಆ ವಿಳಾಸವನ್ನು ನೀವೇ ಕೈಯಿಂದ ಟೈಪ್ ಮಾಡಿದಂತೆ ತೆರೆಯುತ್ತದೆ. ಆದರೆ ಹೀಗೆ ಹೋದ ಕೋರಿಕೆ ಹಿಂದುಮುಂದಿಲ್ಲದೆ ಹೋಗುತ್ತದೆ. ಮುಖಪುಟದಿಂದ ಹುಡುಕಿದಾಗ ಮೊದಲು ಮುಖಪುಟ ಬರುತ್ತದೆ, ಅದರ ಜೊತೆಗೆ ಕಾವಲಿನ ಸ್ಕ್ರಿಪ್ಟು ನಿಮಗೆ ಕಾಣದಂತೆ ಓಡಿ ಬ್ರೌಸರನ್ನು ಪರೀಕ್ಷಿಸಿರುತ್ತದೆ, ನಿಮ್ಮನ್ನು ಗುರುತು ಹಿಡಿಯಲು ತಾಣ ಬ್ರೌಸರಿನಲ್ಲಿ ಇಡುವ ಕುಕಿಗಳು ಕೂತಿರುತ್ತವೆ. ಆಮೇಲೆ ಹುಡುಕಾಟದ ಕೋರಿಕೆ ಹೊರಟಾಗ ಎಲ್ಲಿಂದ ಬಂದೆನೆಂದು ಹೇಳುವ ರೆಫರರ್ ಹೆಡರ್ (ಕೋರಿಕೆಯ ಜೊತೆಗೆ ಬ್ರೌಸರ್ ಕಳಿಸುವ ಮಾಹಿತಿಯ ಸಾಲು) ಅದರಲ್ಲಿರುತ್ತದೆ, ಇದೇ ತಾಣದೊಳಗಿನಿಂದ ಬಂದ ಕೋರಿಕೆ ಎಂದು ತಿಳಿಸುವ ‘ಸೆಕ್-ಫೆಚ್-ಸೈಟ್’ ಎಂಬ ಹೆಡರೂ ಇರುತ್ತದೆ. ಕ್ರೋಮ್ 2019ರಿಂದ, ಫೈರ್‌ಫಾಕ್ಸ್ 2021ರಿಂದ, ಸಫಾರಿ 2023ರಿಂದ ಈ ಹೆಡರನ್ನು ಕಳಿಸುತ್ತಿವೆ. ಶಾರ್ಟ್‌ಕಟ್ಟಿನ ಕೋರಿಕೆಯಲ್ಲಿ ರೆಫರರ್ ಇರುವುದಿಲ್ಲ; ಸೆಕ್-ಫೆಚ್-ಸೈಟ್ ಎಂಬಲ್ಲಿ ‘ಯಾವುದೂ ಇಲ್ಲ’ ಎಂಬ ಬೆಲೆ ಇರುತ್ತದೆ; ಕುಕಿ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಹೊಸ್ತಿಲು ದಾಟದೆ ನೇರವಾಗಿ ಅಡುಗೆಮನೆಯಲ್ಲಿ ಕಾಣಿಸಿಕೊಂಡ ಅಪರಿಚಿತರಂತೆ ನೀವು ಆ ತಾಣಕ್ಕೆ ಕಾಣುತ್ತೀರಿ.

ಹಾಗಾಗಿ ಎಲ್ಲವೂ ಒಂದು ಕುಕಿಯ ಮೇಲೆ ನಿಂತಿದೆ. ಕ್ಲೌಡ್‌ಫ್ಲೇರ್ ಬಳಸುವ ತಾಣಗಳಲ್ಲಿ ಪರೀಕ್ಷೆ ಗೆದ್ದವರಿಗೆ ‘ಸಿಎಫ್ ಕ್ಲಿಯರೆನ್ಸ್’ ಎಂಬ ಕುಕಿ ಸಿಗುತ್ತದೆ. ಅದರ ಮಾಮೂಲಿ ಆಯುಸ್ಸು 30 ನಿಮಿಷ. ತಾಣದ ಒಡೆಯರು ಅದನ್ನು ಹೆಚ್ಚು ಕಡಿಮೆ ಮಾಡಬಹುದು. ಆ ಕುಕಿ ಬದುಕಿರುವ ತನಕ ಶಾರ್ಟ್‌ಕಟ್ಟಿನಿಂದ ಹೋದರೂ ಸಾಮಾನ್ಯವಾಗಿ ತಡೆಯುವುದಿಲ್ಲ. ಈಗ ನೀವು ಮಾಡಬೇಕಾದ ಪರೀಕ್ಷೆ ಇದು: ತೊಂದರೆ ಕೊಡುವ ಒಂದು ತಾಣದ ಮುಖಪುಟ ತೆರೆದು, ಕ್ಯಾಪ್ಚಾ ಬಂದರೆ ಬಿಡಿಸಿ, ಆ ಟ್ಯಾಬನ್ನು ಮುಚ್ಚದೆ, ಕೂಡಲೇ ಇನ್ನೊಂದು ಟ್ಯಾಬಿನಲ್ಲಿ ಶಾರ್ಟ್‌ಕಟ್ ಬಳಸಿ. ಆಗ ಕ್ಯಾಪ್ಚಾ ಬರದಿದ್ದರೆ ತಾಣಕ್ಕೆ ಶಾರ್ಟ್‌ಕಟ್ಟಿನ ಮೇಲೆ ಯಾವ ಮುನಿಸೂ ಇಲ್ಲ, ನಿಮ್ಮ ಕುಕಿ ಬೇಗ ಸಾಯುತ್ತಿದೆ ಎಂದರ್ಥ. ಆಗಲೂ ಬಂದರೆ ಹುಡುಕಾಟದ ಪುಟಕ್ಕೇ ಆ ತಾಣದವರು ಪ್ರತ್ಯೇಕ ನಿಯಮ ಹಾಕಿದ್ದಾರೆ ಎಂದು ತಿಳಿಯಬಹುದು.

ಕುಕಿ ಬೇಗ ಸಾಯುವುದಕ್ಕೆ ನಾನು ಕಂಡಿರುವ ಕಾರಣಗಳನ್ನು ಹೇಳುತ್ತೇನೆ. ಟ್ಯಾಬ್ ಮುಚ್ಚಿದೊಡನೆ ಕುಕಿ ಅಳಿಸುವ ಎಕ್ಸ್‌ಟೆನ್ಷನ್ ಎಲ್ಲಕ್ಕಿಂತ ಸಾಮಾನ್ಯವಾದದ್ದು. ಪ್ರೈವೇಟ್ ವಿಂಡೋದಲ್ಲಿ ಕೆಲಸ ಮಾಡಿದರೂ, ಪ್ರತಿ ಟ್ಯಾಬಿಗೂ ಹೊಸ ಕಂಟೇನರ್ (ಕುಕಿಗಳನ್ನು ಬೇರೆಯಾಗಿಡುವ ಕೋಣೆ) ತೆರೆಯುವ ವ್ಯವಸ್ಥೆ ಇದ್ದರೂ ಪರಿಣಾಮ ಅದೇ. ಯೂಸರ್ ಏಜೆಂಟ್ (ಯಾವ ಬ್ರೌಸರ್ ಎಂದು ತಾಣಕ್ಕೆ ಹೇಳುವ ಸಾಲು) ಬದಲಿಸುವ ಎಕ್ಸ್‌ಟೆನ್ಷನ್ ಇದ್ದರೆ, ಕುಕಿ ಉಳಿದಿದ್ದರೂ ಅದು ಬೇರೆ ಬ್ರೌಸರಿಗೆ ಕೊಟ್ಟದ್ದೆಂದು ತಾಣ ತಳ್ಳಿಹಾಕುತ್ತದೆ. ಫೈರ್‌ಫಾಕ್ಸಿನಲ್ಲಿ, ಬ್ರೌಸರಿನ ವಿಶಿಷ್ಟ ಗುರುತುಗಳನ್ನು ಮರೆಮಾಡುವ ‘ರೆಸಿಸ್ಟ್ ಫಿಂಗರ್‌ಪ್ರಿಂಟಿಂಗ್’ ಎಂಬ ಆಯ್ಕೆ ಹಾಕಿಕೊಂಡಿದ್ದರೂ ಪರೀಕ್ಷೆಗಳು ಹೆಚ್ಚುತ್ತವೆ. ಅದನ್ನು ತೆಗೆದುಹಾಕಿ ಎಂದು ನಾನು ಹೇಳುವುದಿಲ್ಲ, ಖಾಸಗಿತನ ಬೇಕೆನ್ನುವುದು ನ್ಯಾಯವಾದ ಬಯಕೆ. ಪದ ಹುಡುಕುವ ಕೆಲಸಕ್ಕೆಂದೇ ಪ್ರತ್ಯೇಕ ಪ್ರೊಫೈಲ್ ಮಾಡಿ, ಅಲ್ಲಿ ಮಾತ್ರ ಈ ಬಿಗಿಯನ್ನು ಸಡಿಲಿಸಬಹುದು.

ವಿಳಾಸದ ಮಾದರಿಗಳನ್ನೂ ಒಮ್ಮೆ ತೆರೆದು ಓದಿ. ತಾಣದಲ್ಲಿ ಏನೋ ಒಂದು ಪದ ಹುಡುಕಿ, ಅಡ್ರೆಸ್ ಬಾರಿನಲ್ಲಿ ಬಂದ ವಿಳಾಸವನ್ನು ಹಾಗೇ ನಕಲು ಮಾಡಿ ಶಾರ್ಟ್‌ಕಟ್ ಮಾಡುವುದು ರೂಢಿ. ಆ ವಿಳಾಸದಲ್ಲಿ ಹುಡುಕುಪದದ ಜೊತೆಗೆ ಸೆಷನ್ ಸಂಖ್ಯೆಯೋ ಟೋಕನ್ನೋ ಅಂಟಿಕೊಂಡು ಬಂದಿರುತ್ತದೆ. ಅವಧಿ ಮುಗಿದ ಆ ಸಂಖ್ಯೆಯನ್ನು ಪ್ರತಿ ಸಲವೂ ಹೊತ್ತು ತರುವ ಕೋರಿಕೆಯನ್ನು ತಾಣ ಸಂಶಯದಿಂದ ನೋಡಿದರೆ ಆಶ್ಚರ್ಯವಿಲ್ಲ. ಹುಡುಕುಪದ ಇರುವ ಭಾಗವನ್ನು ಬಿಟ್ಟು ಉಳಿದದ್ದನ್ನು ಒಂದೊಂದಾಗಿ ತೆಗೆದು, ಫಲಿತಾಂಶ ಬರುತ್ತದೆಯೇ ಎಂದು ನೋಡಿ. ಹಾಗೆಯೇ ಮಾದರಿಯಲ್ಲಿ ಹಳೆಯ ಎಚ್‌ಟಿಟಿಪಿ ಇದ್ದರೆ ಎಚ್‌ಟಿಟಿಪಿಎಸ್ ಮಾಡಿ. ತಾಣ ತನ್ನ ವಿಳಾಸದಲ್ಲಿ ಮೂರು ಡಬ್ಲ್ಯುಗಳನ್ನು ಬಳಸುತ್ತಿದ್ದರೆ ನಿಮ್ಮ ಮಾದರಿಯಲ್ಲಿಯೂ ಅವು ಇರಲಿ. ಒಂದು ಹೋಸ್ಟ್ ಹೆಸರಿಗೆಂದೇ ಕೊಟ್ಟ ಕುಕಿ ಇನ್ನೊಂದಕ್ಕೆ ಹೋಗುವುದಿಲ್ಲ.

ಉತ್ತರ: ದ್ವಾರಪಾಲ

ಜಾಲಪಥಿಕರು ಬ್ರೌಸರಿನ ಕಡೆಯನ್ನು ವಿವರವಾಗಿ ಹೇಳಿದ್ದಾರೆ. ಸಂಪರ್ಕದ ಕಡೆಯನ್ನು ನಾನು ಚಿಕ್ಕದಾಗಿ ಸೇರಿಸುತ್ತೇನೆ, ಏಕೆಂದರೆ ಎಲ್ಲ ತಾಣಗಳೂ ಒಟ್ಟಿಗೇ ತೊಂದರೆ ಕೊಡಲು ಶುರುಮಾಡಿದರೆ ಮೊದಲು ಅನುಮಾನಿಸಬೇಕಾದದ್ದು ಐಪಿ ವಿಳಾಸವನ್ನು.

ಐಪಿವಿ4 ವ್ಯವಸ್ಥೆಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸಗಳು. ಅವು ಸಾಲದ ಕಾರಣ ಇಂಟರ್ನೆಟ್ ಸೇವಾದಾರರು ನೂರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತಾರೆ. ಇದಕ್ಕೆ ಕ್ಯಾರಿಯರ್ ಗ್ರೇಡ್ ನ್ಯಾಟ್ ಎನ್ನುತ್ತಾರೆ. ಆ ನೂರಾರು ಜನರಲ್ಲಿ ಯಾರದೋ ಕಂಪ್ಯೂಟರಿಗೆ ಮಾಲ್‌ವೇರ್ ಅಂಟಿ ಅದು ಕಂಡ ತಾಣಗಳಿಗೆಲ್ಲ ಕೋರಿಕೆಗಳ ಮಳೆ ಸುರಿಸುತ್ತಿದ್ದರೆ, ಅದರ ಕೆಟ್ಟ ಹೆಸರು ನಿಮಗೂ ಅಂಟುತ್ತದೆ. ನಿಮ್ಮ ರೂಟರಿನ ಪುಟದಲ್ಲಿ ವ್ಯಾನ್ ವಿಳಾಸ ಎಂದು ಇರುವ ಕಡೆ ನೋಡಿ. ಅದು 100.64ರಿಂದ 100.127ರವರೆಗಿನ ಅಂಕಿಗಳಿಂದ ಶುರುವಾಗುತ್ತಿದ್ದರೆ ನೀವು ಇಂಥ ಹಂಚಿಕೆಯ ಹಿಂದೆ ಇದ್ದೀರಿ. ಆ ಶ್ರೇಣಿಯನ್ನು 2012ರಲ್ಲಿ ಇದೇ ಉದ್ದೇಶಕ್ಕೆಂದು ಮೀಸಲಿಟ್ಟಿದ್ದಾರೆ. ಸೇವಾದಾರರು ಐಪಿವಿ6 ಕೊಡುತ್ತಿದ್ದರೆ ರೂಟರಿನಲ್ಲಿ ಅದನ್ನು ಚಾಲೂ ಮಾಡಿ, ಏಕೆಂದರೆ ಅಲ್ಲಿ ಪ್ರತಿ ಗ್ರಾಹಕರಿಗೂ ಪ್ರತ್ಯೇಕ ವಿಳಾಸಗಳ ಗುಂಪೇ ಸಿಗುತ್ತದೆ ಮತ್ತು ಬೇರೆಯವರ ತಪ್ಪಿಗೆ ನೀವು ಉತ್ತರ ಕೊಡಬೇಕಾಗುವುದಿಲ್ಲ. ವಿಪಿಎನ್ ಬಳಸುತ್ತಿದ್ದರೆ ಅದನ್ನು ನಿಲ್ಲಿಸಿ ಒಮ್ಮೆ ಪರೀಕ್ಷಿಸಿ. ವಿಪಿಎನ್ ಸರ್ವರುಗಳ ವಿಳಾಸಗಳನ್ನು ಅಸಂಖ್ಯ ಅಪರಿಚಿತರು ಹಂಚಿಕೊಂಡಿರುತ್ತಾರೆ. ಕೆಲಸದ ನಡುವೆ ಸಂಪರ್ಕ ಬದಲಾದರೆ, ಉದಾಹರಣೆಗೆ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಹೋದರೆ, ಮತ್ತೆ ಪರೀಕ್ಷೆ ಕೇಳುವುದೂ ಸಹಜ.

ವೃತ್ತ ಸುತ್ತುತ್ತಲೇ ಇರುವ ತಾಣದ ಬಗ್ಗೆ ಒಂದು ಮಾತು. ಕಂಪ್ಯೂಟರಿನ ಗಡಿಯಾರ ಸರಿಯಾಗಿದೆಯೇ ನೋಡಿ. ಸಮಯ ತಪ್ಪಾಗಿದ್ದರೆ ಕ್ಲೌಡ್‌ಫ್ಲೇರಿನ ಪರೀಕ್ಷೆ ಪೂರ್ಣಗೊಳ್ಳುವುದಿಲ್ಲ. ಗಡಿಯಾರ ಸರಿಯಿದ್ದರೆ, ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಕಾವಲಿನ ಸ್ಕ್ರಿಪ್ಟನ್ನೇ ತಡೆಯುತ್ತಿರಬಹುದು. ಆ ಒಂದು ತಾಣಕ್ಕೆ ಮಾತ್ರ ಅದನ್ನು ನಿಲ್ಲಿಸಿ ನೋಡಿ.

ಉತ್ತರ: ಭಂಡಾರದ ನಿರ್ವಾಹಕ

ನಾನು ಈ ಕಥೆಯ ಇನ್ನೊಂದು ಬದಿಯಲ್ಲಿರುವವನು. ಪುಸ್ತಕ ಭಂಡಾರವೊಂದರ ಸರ್ವರ್ ನೋಡಿಕೊಳ್ಳುತ್ತೇನೆ. ಓದುಗರನ್ನು ಸತಾಯಿಸುವುದು ಯಾರಿಗೂ ಇಷ್ಟವಿಲ್ಲ. ಆದರೆ ಹುಡುಕಾಟದ ಪುಟವನ್ನೇ ಏಕೆ ಕಾಯುತ್ತೇವೆ ಎಂಬುದನ್ನು ತಿಳಿಸಬೇಕೆನಿಸಿತು.

ತಾಣದ ಉಳಿದ ಪುಟಗಳನ್ನು ಒಮ್ಮೆ ತಯಾರಿಸಿ ಕ್ಯಾಶ್‌ನಲ್ಲಿ ಇಟ್ಟರೆ ಸಾವಿರ ಜನ ಕೇಳಿದರೂ ಅದೇ ಪ್ರತಿಯನ್ನು ಕೊಡಬಹುದು. ಹುಡುಕಾಟದ ಪುಟ ಹಾಗಲ್ಲ. ಪ್ರತಿ ಹೊಸ ಪದಕ್ಕೂ ಡೇಟಾಬೇಸ್ ಹೊಸದಾಗಿ ದುಡಿಯಬೇಕು, ಮತ್ತು ಹುಡುಕಬಹುದಾದ ಪದಗಳಿಗೆ ಕೊನೆಯಿಲ್ಲದ ಕಾರಣ ಆ ಪುಟಗಳಿಗೂ ಕೊನೆಯಿಲ್ಲ. ಹುಡುಕಾಟದ ವಿಳಾಸಗಳಿಗೆ ಬರಬೇಡಿ ಎಂದು, ಪುಟಗಳನ್ನು ತಾನಾಗಿ ಸಂಗ್ರಹಿಸುವ ಕ್ರಾಲರ್ ತಂತ್ರಾಂಶಗಳಿಗಾಗಿ ಇಡುವ ರೋಬಾಟ್ಸ್ ಫೈಲಿನಲ್ಲಿ ಬರೆದಿರುತ್ತೇವೆ. ಆ ಪದ್ಧತಿ 2022ರಲ್ಲಿ ಅಧಿಕೃತ ಮಾನಕವೂ ಆಯಿತು. ಸಭ್ಯ ಕ್ರಾಲರುಗಳು ಅದನ್ನು ಪಾಲಿಸುತ್ತವೆ. ಪಾಲಿಸದವು ಸಾವಿರಾರು ಐಪಿ ವಿಳಾಸಗಳಿಂದ, ಸಾಮಾನ್ಯ ಬ್ರೌಸರಿನ ವೇಷದಲ್ಲಿ, ನೇರವಾಗಿ ಹುಡುಕಾಟದ ವಿಳಾಸಗಳಿಗೇ ಬರುತ್ತವೆ. ಭಾಷಾ ಮಾದರಿಗಳಿಗೆ ಪಠ್ಯ ಸಂಗ್ರಹಿಸುವ ಭರಾಟೆ ಶುರುವಾದ ಮೇಲೆ ಈ ಒತ್ತಡ ಬಹಳ ಹೆಚ್ಚಿತು. ಚಿಕ್ಕ ಸರ್ವರು ಅದನ್ನು ತಾಳದೆ ಕುಸಿದಾಗ ಯಾವ ಓದುಗರಿಗೂ ಏನೂ ಸಿಗುವುದಿಲ್ಲ. 2025ರ ಆರಂಭದಲ್ಲಿ ಬಂದ ಅನೂಬಿಸ್ ಎಂಬ ಮುಕ್ತ ತಂತ್ರಾಂಶವನ್ನು ಹಲವು ತಾಣಗಳವರು ಬೇಗನೆ ಅಳವಡಿಸಿಕೊಂಡದ್ದು ಇದೇ ಕಾರಣಕ್ಕೆ. ಅದು ಒಗಟು ಕೇಳುವುದಿಲ್ಲ. ಬ್ರೌಸರಿಗೆ ಒಂದು ಚಿಕ್ಕ ಲೆಕ್ಕ ಕೊಟ್ಟು, ಬಿಡಿಸಿದ ಮೇಲೆ ಕುಕಿ ಕೊಡುತ್ತದೆ. ಆ ಕುಕಿಯನ್ನು ಅಳಿಸಿದರೆ ಅದೂ ಮತ್ತೆ ಮತ್ತೆ ಬರುತ್ತದೆ.

ಇಷ್ಟು ಹೇಳಿದ ಮೇಲೆ, ನಮ್ಮವರ ಕಡೆಯ ಒಂದು ಪದ್ಧತಿಯನ್ನು ನಾನು ಒಪ್ಪುವುದಿಲ್ಲ ಎಂದೂ ಹೇಳಬೇಕು. ಹುಡುಕಾಟದ ಕೋರಿಕೆಗೆ ರೆಫರರ್ ಇಲ್ಲದಿದ್ದರೆ ಕ್ಯಾಪ್ಚಾಕ್ಕೆ ಕಳಿಸು ಎಂಬ ನಿಯಮ ಎಷ್ಟೋ ತಾಣಗಳಲ್ಲಿದೆ. ಬರೆಯಲು ಅದು ಸುಲಭ, ಮೊದಲ ದಿನ ಕೆಲಸವನ್ನೂ ಮಾಡುತ್ತದೆ. ಆದರೆ ರೆಫರರ್ ಎಂಬುದು ಕೋರಿಕೆ ಕಳಿಸುವವರೇ ಬರೆದುಕೊಳ್ಳುವ ಒಂದು ಸಾಲು. ಬಾಟ್ ಬರೆಯುವವರು ಅಲ್ಲಿ ತಾಣದ ಹೆಸರನ್ನೇ ತುಂಬಿ ಮುಂದೆ ಹೋಗುತ್ತಾರೆ. ಸಿಕ್ಕಿಬೀಳುವವರು ಶಾರ್ಟ್‌ಕಟ್ ಬಳಸುವವರು, ಬುಕ್‌ಮಾರ್ಕಿನಿಂದ ಬರುವವರು, ಖಾಸಗಿತನಕ್ಕಾಗಿ ರೆಫರರ್ ಕಳಿಸದವರು. ಅಂದರೆ ಪ್ರಾಮಾಣಿಕರಿಗೆ ಮಾತ್ರ ಶಿಕ್ಷೆ ಕೊಡುವ ನಿಯಮ ಅದು. ಅದರ ಬದಲು ಒಂದು ವಿಳಾಸದಿಂದ ಇಷ್ಟು ಹೊತ್ತಿನಲ್ಲಿ ಇಷ್ಟು ಹುಡುಕಾಟ ಎಂದು ಮಿತಿ ಹಾಕಿ, ಮಿತಿ ದಾಟಿದವರಿಗೆ ಮಾತ್ರ ಪರೀಕ್ಷೆ ಕೊಡುವುದು ಮೇಲು. ಮನುಷ್ಯರು ಎಷ್ಟೇ ಚುರುಕಾಗಿದ್ದರೂ ಫಲಿತಾಂಶವನ್ನು ಓದಲು ಕ್ಷಣಗಳಾದರೂ ಬೇಕು.

ಪರೀಕ್ಷೆ ಗೆದ್ದವರನ್ನು ಮುಖಪುಟಕ್ಕೆ ಎಸೆಯುವುದು ಶುದ್ಧ ಅಜಾಗರೂಕತೆ. ಅವರು ಕೇಳಿದ್ದ ವಿಳಾಸವನ್ನು ಹುಡುಕುಪದದ ಸಮೇತ ನೆನಪಿಟ್ಟು ಅಲ್ಲಿಗೇ ಕಳಿಸಬೇಕು.

ಪದಶೋಧಕರೇ, ತಾಣದ ನಿಯಮದಿಂದಲೇ ತೊಂದರೆ ಎಂದು ಖಚಿತವಾದರೆ ಆ ತಾಣದವರಿಗೆ ಬರೆಯಿರಿ, ಸುಮ್ಮನಿರಬೇಡಿ. ‘ಕ್ಯಾಪ್ಚಾ ಬರುತ್ತಿದೆ’ ಎಂದಷ್ಟೇ ಬರೆದರೆ ಅವರಿಗೆ ಏನೂ ಮಾಡಲಾಗುವುದಿಲ್ಲ. ಕ್ಲೌಡ್‌ಫ್ಲೇರಿನ ತಡೆಪುಟದ ತಳದಲ್ಲಿ ‘ರೇ ಐಡಿ’ ಎಂಬ ಗುರುತುಸಂಖ್ಯೆ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಅದನ್ನು, ತಡೆದ ಸಮಯವನ್ನು, ತೆರೆಯಲು ಹೊರಟಿದ್ದ ಪೂರ್ಣ ವಿಳಾಸವನ್ನು ಕಳಿಸಿ. ಆ ಸಂಖ್ಯೆಯಿಂದ ಹುಡುಕಿದರೆ ತಮ್ಮ ಯಾವ ನಿಯಮ ನಿಮ್ಮನ್ನು ತಡೆಯಿತೆಂಬುದು ನಿರ್ವಾಹಕರಿಗೆ ದಾಖಲೆಯಲ್ಲಿ ಸಿಗುತ್ತದೆ. ಜೊತೆಗೆ, ಓಪನ್‌ಸರ್ಚ್ ವಿವರಣೆಯ ಫೈಲನ್ನು ತಾಣದಲ್ಲಿ ಇಡಿ ಎಂದೂ ಕೇಳಿ. 2005ರಲ್ಲಿ ಅಮೆಜಾನಿನ ಎ9 ಸಂಸ್ಥೆ ರೂಪಿಸಿದ ಪದ್ಧತಿ ಅದು. ಹುಡುಕಾಟದ ಸರಿಯಾದ ವಿಳಾಸ ಯಾವುದೆಂದು ತಾಣವೇ ಬ್ರೌಸರಿಗೆ ತಿಳಿಸುತ್ತದೆ. ಆ ಫೈಲನ್ನು ಇಟ್ಟ ತಾಣದವರು ಶಾರ್ಟ್‌ಕಟ್ ಬಳಕೆದಾರರನ್ನು ತಾವೇ ಆಹ್ವಾನಿಸಿದಂತಾಯಿತು, ಆಮೇಲೆ ಬಾಗಿಲಲ್ಲಿ ತಡೆಯುವುದು ಅವರಿಗೂ ಸರಿಕಾಣಲಾರದು.

ಉತ್ತರ: ಕೀಲಿಮಣೆ

ಇಲ್ಲಿಯವರೆಗಿನ ಉತ್ತರಗಳನ್ನು ಸ್ಕ್ರೀನ್ ರೀಡರಿನಿಂದ ಕೇಳಿದೆ. ಶಾರ್ಟ್‌ಕಟ್ ಎಂದರೆ ಅನುಕೂಲವೆಂದು ಎಲ್ಲರೂ ಬರೆದಿದ್ದೀರಿ; ನನ್ನಂಥವರಿಗೆ ಅದು ಅಗತ್ಯ. ಕಣ್ಣಿದ್ದವರು ಮುಖಪುಟದಲ್ಲಿ ಹುಡುಕುವ ಪೆಟ್ಟಿಗೆಯನ್ನು ಕ್ಷಣದಲ್ಲಿ ಗುರುತಿಸುತ್ತಾರೆ. ನಾನು ಮೆನು, ಜಾಹೀರಾತು, ಕುಕಿಯ ಒಪ್ಪಿಗೆ ಕೇಳುವ ಪಟ್ಟಿ ಇವನ್ನೆಲ್ಲ ಒಂದೊಂದಾಗಿ ದಾಟಿ ಅಲ್ಲಿಗೆ ತಲುಪಬೇಕು. ಪೆಟ್ಟಿಗೆಗೆ ಸರಿಯಾದ ಹೆಸರು ಕೊಡದ ತಾಣಗಳಲ್ಲಿ ತಲುಪಿದರೂ ತಲುಪಿದೆನೆಂದು ತಿಳಿಯುವುದಿಲ್ಲ. ಅಡ್ರೆಸ್ ಬಾರ್ ಮಾತ್ರ ಎಲ್ಲ ತಾಣಗಳಿಗೂ ಒಂದೇ, ಕಂಟ್ರೋಲ್ ಮತ್ತು ಎಲ್ ಒತ್ತಿದರೆ ಸಿಕ್ಕಿತು. ಆದ್ದರಿಂದ ಶಾರ್ಟ್‌ಕಟ್ಟಿನ ದಾರಿಯಲ್ಲಿ ಕ್ಯಾಪ್ಚಾ ನಿಲ್ಲಿಸಿದರೆ ನಮ್ಮಲ್ಲಿ ಹಲವರ ಮುಖ್ಯ ದಾರಿಯನ್ನೇ ಅಡ್ಡಗಟ್ಟಿದಂತೆ.

ಚಿತ್ರ ಆರಿಸುವ ಒಗಟು ನನಗೆ ಗೋಡೆ. ಧ್ವನಿಯ ಪರ್ಯಾಯ ಇದೆಯೆನ್ನುತ್ತಾರೆ. ಗದ್ದಲದಲ್ಲಿ ಹುದುಗಿಸಿದ ಇಂಗ್ಲಿಷ್ ಮಾತನ್ನು ಕೇಳುತ್ತಿರುವಾಗಲೇ ಸ್ಕ್ರೀನ್ ರೀಡರಿನ ಧ್ವನಿ ಅದರ ಮೇಲೆ ಬೀಳುತ್ತದೆ, ಒಂದು ಅಕ್ಷರ ತಪ್ಪಿದರೆ ಮತ್ತೆ ಮೊದಲಿನಿಂದ. ಕಣ್ಣು, ಕಿವಿ ಎರಡೂ ಮಂದವಾದವರಿಗೆ ಆ ಬಾಗಿಲೂ ಇಲ್ಲ. ವೆಬ್ಬಿನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಈ ತೊಡಕುಗಳನ್ನು ಕುರಿತು ಟಿಪ್ಪಣಿಯನ್ನೇ ಪ್ರಕಟಿಸಿದೆ. ನಿರ್ವಾಹಕರಲ್ಲಿ ನನ್ನ ಕೋರಿಕೆ: ಪರೀಕ್ಷೆ ಬೇಕೇ ಬೇಕಾದರೆ ಒಗಟಿಲ್ಲದ ಬಗೆಯನ್ನು ಆರಿಸಿ. 2018ರಲ್ಲಿ ಬಂದ ಗೂಗಲ್‌ನ ರೀಕ್ಯಾಪ್ಚಾದ 3ನೆಯ ಆವೃತ್ತಿ ಒಗಟು ಕೇಳದೆ, ಬಂದವರು ಮನುಷ್ಯರಾಗಿರುವ ಸಾಧ್ಯತೆಗೆ ಅಂಕ ಕೊಡುತ್ತದೆ. 2022ರಲ್ಲಿ ಕ್ಲೌಡ್‌ಫ್ಲೇರ್ ತಂದ ಟರ್ನ್‌ಸ್ಟೈಲ್ ಚಿತ್ರಗಳನ್ನು ತೋರಿಸುವುದೇ ಇಲ್ಲ, ಹೆಚ್ಚೆಂದರೆ ಒಂದು ಚೌಕಕ್ಕೆ ಗುರುತು ಹಾಕಲು ಹೇಳುತ್ತದೆ.

ಆಪಲ್ ಸಾಧನ ಇರುವವರಿಗೆ ಇನ್ನೊಂದು ಸಹಾಯವಿದೆ. ಐಓಎಸ್ 16 ಮತ್ತು ಮ್ಯಾಕ್ಓಎಸ್ ವೆಂಚುರಾದಿಂದ ಈಚೆಗೆ ಪ್ರೈವೇಟ್ ಆಕ್ಸೆಸ್ ಟೋಕನ್ ಎಂಬ ವ್ಯವಸ್ಥೆ ಬಂದಿದೆ. ಅದನ್ನು ಒಪ್ಪುವ ತಾಣಗಳಲ್ಲಿ ನೀವು ಯಾರೆಂದು ಹೇಳದೆಯೇ ಸಾಧನವೇ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದು ಚಾಲೂ ಇದೆಯೇ ಎಂದು ನೋಡಿಕೊಳ್ಳಿ.

ಪದಶೋಧಕ

ಇಷ್ಟು ಕಾಳಜಿಯಿಂದ ಬರೆದ ನಿಮಗೆಲ್ಲರಿಗೂ ಕೃತಜ್ಞತೆಗಳು. ಸೂಚಿಸಿದ ಕ್ರಮದಲ್ಲೇ ಪರೀಕ್ಷಿಸಿ ಕಂಡದ್ದನ್ನು ಬರೆಯುತ್ತಿದ್ದೇನೆ, ಮುಂದೆ ಇದೇ ತೊಂದರೆ ಹಿಡಿದು ಬರುವವರಿಗೆ ಉಪಯೋಗವಾದೀತು.

ಡೊಮೇನ್ ನೋಡಿದಾಗ ‘ಸೈಟ್’ ಆಪರೇಟರಿನ ಶಾರ್ಟ್‌ಕಟ್‌ಗಳು ಪ್ರತ್ಯೇಕವಾಗಿ ನಿಂತವು. ಅಲ್ಲಿ ತಡೆಯುತ್ತಿದ್ದದ್ದು ಸರ್ಚ್ ಎಂಜಿನ್. ಅವನ್ನು ಆಯಾ ತಾಣದ ಸ್ವಂತ ಹುಡುಕಾಟಕ್ಕೆ ತಿರುಗಿಸಿದ್ದೇನೆ. ಉಳಿದವುಗಳಲ್ಲಿ ಮುಖಪುಟದ ಟ್ಯಾಬ್ ತೆರೆದಿಟ್ಟು ಮಾಡುವ ಪರೀಕ್ಷೆ ಬಹಳ ಉಪಯೋಗಕ್ಕೆ ಬಂತು. ಟ್ಯಾಬ್ ತೆರೆದಿರುವ ತನಕ ಹೆಚ್ಚಿನ ತಾಣಗಳು ಶಾರ್ಟ್‌ಕಟ್ಟಿಗೆ ಸುಮ್ಮನೆ ಫಲಿತಾಂಶ ಕೊಟ್ಟವು, ಟ್ಯಾಬ್ ಮುಚ್ಚಿದೊಡನೆ ಮತ್ತೆ ಕ್ಯಾಪ್ಚಾ. ಟ್ಯಾಬ್ ಮುಚ್ಚಿದಾಗ ಕುಕಿ ಅಳಿಸುವ ಎಕ್ಸ್‌ಟೆನ್ಷನ್ನೇ ಕಾರಣ. ನಾನು ನಿತ್ಯ ಬಳಸುವ ತಾಣಗಳನ್ನಷ್ಟೇ ಅದರ ವಿನಾಯಿತಿ ಪಟ್ಟಿಗೆ ಸೇರಿಸಿದೆ, ಉಳಿದ ಜಾಲಕ್ಕೆ ಅದು ಮೊದಲಿನಂತೆಯೇ ಕೆಲಸ ಮಾಡುತ್ತಿದೆ. ಈಗ ಆ ತಾಣಗಳಲ್ಲಿ ಕೆಲಸಕ್ಕೆ ಕೂತಾಗ ಒಮ್ಮೆ ಪರೀಕ್ಷೆ ಬರುತ್ತದೆ, ಆಮೇಲೆ ಬಿಡುವು ಕೊಟ್ಟು ಮರಳಿದರೆ ಮಾತ್ರ ಮತ್ತೊಮ್ಮೆ. ಒಂದು ನಿಘಂಟಿನ ಮಾದರಿಯ ಬಾಲದಲ್ಲಿ ಉದ್ದನೆಯ ಸೆಷನ್ ಸಂಖ್ಯೆ ಇತ್ತು. ಅದನ್ನು ಕತ್ತರಿಸಿದ ಮೇಲೆ ಅಲ್ಲಿ ಕ್ಯಾಪ್ಚಾ ಕಂಡಿಲ್ಲ. ಪದವನ್ನು ಕಳೆದು ಮುಖಪುಟಕ್ಕೆ ಕಳಿಸುವ ತಾಣದವರಿಗೆ ರೇ ಐಡಿ ಸಮೇತ ಬರೆದಿದ್ದೇನೆ, ಕೀಲಿಮಣೆಯವರು ಹೇಳಿದ ಮಾತನ್ನೂ ಅದರಲ್ಲಿ ಸೇರಿಸಿದ್ದೇನೆ.

ಒಂದು ತಾಣ ಮಾತ್ರ ಬಗೆಹರಿಯದೆ ಉಳಿದಿದೆ, ಅದರ ವರ್ತನೆ ವಿಚಿತ್ರವಾಗಿದೆ. ಇಂಗ್ಲಿಷ್ ಪದ ಹುಡುಕಿದರೆ ಫಲಿತಾಂಶ ಬರುತ್ತದೆ. ಅದೇ ಶಾರ್ಟ್‌ಕಟ್ಟಿನಿಂದ, ಅದೇ ಹೊತ್ತಿನಲ್ಲಿ ಕನ್ನಡ ಪದ ಹುಡುಕಿದರೆ, ಅದರಲ್ಲೂ ಎರಡು ಮೂರು ಪದಗಳ ಸಾಲನ್ನು ಕೊಟ್ಟರೆ, ತಪ್ಪದೆ ತಡೆಯುತ್ತದೆ. ಮುಖಪುಟದ ಪೆಟ್ಟಿಗೆಯಿಂದ ಹುಡುಕಿದರೂ ಅದೇ ಗತಿ. ಇದಕ್ಕೆ ಏನು ಕಾರಣವಿರಬಹುದು?

ಉತ್ತರ: ಭಂಡಾರದ ನಿರ್ವಾಹಕ

ಇದು ಶಾರ್ಟ್‌ಕಟ್ಟಿನ ತೊಂದರೆಯಲ್ಲ, ಲಿಪಿಯದು. ಹಾಗಾಗಿ ನಿಮ್ಮ ಬ್ರೌಸರಿನಲ್ಲಿ ಏನು ಬದಲಿಸಿದರೂ ಹೋಗುವುದಿಲ್ಲ. ಅಡ್ರೆಸ್ ಬಾರ್ ನಿಮಗೆ ಕನ್ನಡ ಅಕ್ಷರಗಳನ್ನೇ ತೋರಿಸಿದರೂ ಸರ್ವರಿಗೆ ಹೋಗುವ ವಿಳಾಸದಲ್ಲಿ ಅವು ಹಾಗೆ ಇರುವುದಿಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕೆ-ಅಕ್ಷರಗಳಾಗಿ ಬರೆಯಬೇಕು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ: ಕ, ನ, ವಿರಾಮ (ಒತ್ತಕ್ಷರ ಮೂಡಿಸುವ ಚಿಹ್ನೆ), ನ, ಡ ಎಂದು 5 ಸಂಕೇತಗಳು, 15 ಬೈಟುಗಳು, ವಿಳಾಸದಲ್ಲಿ 45 ಅಕ್ಷರಗಳು. ಮೂರು ಪದಗಳ ಸಾಲು ಕೊಟ್ಟರೆ ಶೇಕಡಾ ಚಿಹ್ನೆಗಳಿಂದ ತುಂಬಿದ ಉದ್ದನೆಯ ಸರಪಳಿ ಹೋಗುತ್ತದೆ. ತಾಣಕ್ಕೆ ಬರುವ ಕೋರಿಕೆಗಳನ್ನು ಸೋಸುವ ವೆಬ್ ಫೈರ್‌ವಾಲಿನ ಕೆಲವು ನಿಯಮಗಳು ಇಂಥದ್ದನ್ನು ದಾಳಿಯ ಲಕ್ಷಣವೆಂದು ಎಣಿಸುತ್ತವೆ. ಬಹಳ ಕಡೆ ಬಳಕೆಯಲ್ಲಿರುವ ಓವಾಸ್ಪ್ ಕೋರ್ ರೂಲ್ ಸೆಟ್ ಎಂಬ ಫೈರ್‌ವಾಲ್ ನಿಯಮಗಳ ಕಟ್ಟಿನಲ್ಲಿ, ಎಚ್ಚರಿಕೆಯ ಮಟ್ಟವನ್ನು 3ಕ್ಕೆ ಏರಿಸಿದರೆ ಇಂಗ್ಲಿಷಿನ ಮೂಲ ಅಕ್ಷರಗುಂಪಿನ ಆಚೆಗಿನ ಯಾವ ಬೈಟನ್ನೂ ಸಂಶಯಾಸ್ಪದವೆಂದು ಗುರುತಿಸುವ ನಿಯಮವಿದೆ. ಅಂಥ ತಾಣದಲ್ಲಿ ಕನ್ನಡವಷ್ಟೇ ಅಲ್ಲ, ಲ್ಯಾಟಿನ್ ಅಲ್ಲದ ಲಿಪಿಯಲ್ಲಿ ಹುಡುಕುವ ಎಲ್ಲರೂ ಇದೇ ತಡೆ ಎದುರಿಸುತ್ತಿರುತ್ತಾರೆ. ಹಲವು ಭಾಷೆಗಳ ಓದುಗರು ಬರುವ ತಾಣಕ್ಕೆ ಇದು ಒಪ್ಪತಕ್ಕ ಸಂಗತಿಯಲ್ಲ.

ಪರಿಹಾರ ಅವರ ಕೈಯಲ್ಲಿದೆ, ಕಷ್ಟದ್ದೂ ಅಲ್ಲ: ಹುಡುಕುಪದ ಬರುವ ಆ ಒಂದು ಪ್ಯಾರಾಮೀಟರನ್ನು ಆ ನಿಯಮದಿಂದ ಹೊರಗಿಟ್ಟರೆ ಸಾಕು, ಉಳಿದ ಕಾವಲು ಹಾಗೇ ಇರುತ್ತದೆ. ಬರೆಯುವಾಗ ಒಂದೇ ಹೊತ್ತಿನಲ್ಲಿ ಮಾಡಿದ ಎರಡು ಹುಡುಕಾಟಗಳನ್ನು ಜೊತೆಗಿಟ್ಟು ತೋರಿಸಿ, ಒಂದು ಇಂಗ್ಲಿಷ್ ಪದದ್ದು, ಒಂದು ಕನ್ನಡ ಪದದ್ದು. ವಿಳಾಸಗಳನ್ನು ಅಡ್ರೆಸ್ ಬಾರಿನಿಂದ ನಕಲು ಮಾಡಿ ಅಂಟಿಸಿದರೆ ಶೇಕಡಾ ಚಿಹ್ನೆಗಳಿರುವ ರೂಪವೇ ಸಾಮಾನ್ಯವಾಗಿ ಬರುತ್ತದೆ, ಅದನ್ನು ಹಾಗೆಯೇ ಕಳಿಸಿ. ಅವರ ಲಾಗ್‌ನಲ್ಲಿ ಇರುವುದೂ ಅದೇ ರೂಪ, ಹುಡುಕಿ ಹಿಡಿಯಲು ಅವರಿಗೆ ಹೊತ್ತು ಹಿಡಿಯುವುದಿಲ್ಲ.